ಬಟ್ಟೆಯ ಮೇಲೆ ಕಟ್ಟಿದ ನಾಡಿ ಗಡಿಯಾರ

ಹೊಸ ಸಾಮಾನು ಮನೆಗೆ ಬಂದರೆ ನಾವು ಮೊದಲು ಮಾಡುವ ಕೆಲಸ, ಡಬ್ಬಿಯೊಳಗಿನ ಸೂಚನೆಯ ಕಾಗದವನ್ನು ಮೂಲೆಗೆ ಎಸೆಯುವುದು. ಆಮೇಲೆ ಸಾಮಾನು ಸರಿಯಿಲ್ಲ ಅಂತ ಬೈಯುವುದು. ಪೇಂಟರ್ ಮನೆಯಲ್ಲಿ ಆದದ್ದೂ ಅದೇ.

ಪೇಂಟರ್‌ಗೆ ಒಬ್ಬಳೇ ಮಗಳು. ಅಪ್ಪನ ಜೊತೆಗೇ ಬಣ್ಣ ಹೊಡೆಯುತ್ತಾಳೆ. ಅವಳಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಓಟದ ಪರೀಕ್ಷೆ ಪಾಸಾಗಬೇಕು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಈ ಸಲ ಕೈತಪ್ಪಿದರೆ ಮುಗಿಯಿತು.

ಎದುರು ಮನೆಯಲ್ಲೇ ಇರುವ ಸೋದರತ್ತೆ, ಅಂದರೆ ಪೇಂಟರ್ ತಂಗಿ, ನರ್ಸ್. ಅವಳು ಹುಡುಗಿಗೆ ನಾಡಿ ಬಡಿತ ತೋರಿಸುವ ಗಡಿಯಾರ ತಂದುಕೊಟ್ಟಳು. ಕಾಗದ ಓದಿ ಕಟ್ಟಿಕೋ ಅಂದು ಡ್ಯೂಟಿಗೆ ಹೋದಳು. ಯಾರು ಓದುತ್ತಾರೆ?

ಮೈದಾನದ ಕೋಚ್ ಅವಳನ್ನು ಪರೀಕ್ಷಿಸಿ ಒಂದು ಮಾತು ಹೇಳಿದ್ದರು. ವಾರದಲ್ಲಿ ಹೆಚ್ಚು ದಿನ ಹಗುರವಾಗಿ ಓಡು, ನಾಡಿ ನೂರ ಮೂವತ್ತರ ಆಸುಪಾಸಿನಲ್ಲಿರಲಿ, ಜೋರು ಓಟ ಎರಡೇ ದಿನ ಸಾಕು ಅಂತ. ಆದರೆ ಹುಡುಗಿ ಎಷ್ಟು ಓಡಿದರೂ ಗಡಿಯಾರ ತೊಂಬತ್ತು, ನೂರು ಅನ್ನುತ್ತಿತ್ತು. ತಾನೇ ಸೋಮಾರಿ ಅಂದುಕೊಂಡು ಇನ್ನೂ ಜೋರಾಗಿ ಓಡಿದಳು. ಏದುಸಿರು ಬಂದು ಮಾತು ಹೊರಡದಿದ್ದರೂ ಗಡಿಯಾರದ ಮಾತನ್ನೇ ನಂಬಿದಳು. ದಿನಾ ಇದೇ ಪಾಡು. ಅಲ್ಲಿಂದ ನೇರ ಕೆಲಸಕ್ಕೆ.

ಒಂದು ದಿನ ಮಹಡಿ ಮನೆಯ ಛಾವಣಿಗೆ ಬಣ್ಣ ಹೊಡೆಯುತ್ತಿದ್ದಾಗ ಏಣಿಯ ಮೇಲೇ ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿದ್ದ ಅಪ್ಪ ಸೊಂಟ ಹಿಡಿದು ಇಳಿಸಿಕೊಂಡ. ಬಕೆಟ್ ಉರುಳಿ ಮಾಲೀಕರ ನೆಲವೆಲ್ಲ ಬಿಳಿ.

ಪೇಂಟರ್ ಗಡಿಯಾರ ಬಿಚ್ಚಿಸಿ ಬ್ರಷ್ಷಿನ ಡಬ್ಬಿಗೆ ಎಸೆದ. ಓಟವೂ ಬೇಡ, ಬೆಂಕಿ ಆರಿಸುವುದೂ ಬೇಡ, ನಾಳೆಯಿಂದ ಮೈದಾನದ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಅಂತ ಕೂಗಾಡಿದ. ಮಗಳು ಗೋಡೆ ಕಡೆ ತಿರುಗಿ ಅತ್ತಳು.

ಸಂಜೆ ಅತ್ತೆ ಬಂದಳು. ಜಗಳ ಆಡಲಿಲ್ಲ, ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೃದಯ ಗಟ್ಟಿಯಾಗಿದೆ, ದಣಿವು ಮಿತಿ ಮೀರಿದೆ, ನಿದ್ದೆ ಊಟ ಸಾಲದು, ಒಂದು ವಾರ ಸುಮ್ಮನಿರಲಿ ಅಂದರು ಡಾಕ್ಟರು. ವಾಪಸು ಬಂದ ಅತ್ತೆ, ಗಡಿಯಾರ ಹೇಗೆ ಕಟ್ಟುತ್ತಿದ್ದೆ, ತೋರಿಸು ಅಂದಳು.

ಹುಡುಗಿ ಮೊದಲು ಮಣಿಕಟ್ಟಿಗೆ ಬಟ್ಟೆ ಸುತ್ತಿದಳು. ಛಾವಣಿಗೆ ಬಣ್ಣ ಹೊಡೆಯುವವರೆಲ್ಲ ಸುತ್ತುತ್ತಾರೆ, ಇಲ್ಲದಿದ್ದರೆ ಬಣ್ಣ ಮೊಣಕೈವರೆಗೆ ಇಳಿಯುತ್ತದೆ. ಅವಳು ಅದನ್ನು ಮನೆಯಲ್ಲೇ ಸುತ್ತಿಕೊಂಡು ಮೈದಾನಕ್ಕೆ ಹೋಗುತ್ತಿದ್ದಳು. ಬಟ್ಟೆಯ ಮೇಲೆ ಗಡಿಯಾರ.

ಅತ್ತೆ ಹಣೆ ಹಣೆ ಚಚ್ಚಿಕೊಂಡಳು. "ಅಲ್ಲ ಕಣೇ, ಕಣ್ಣಿಗೆ ಪಟ್ಟಿ ಕಟ್ಟಿ ದಾರಿ ತೋರಿಸು ಅಂದರೆ ಅದು ಏನು ತೋರಿಸಬೇಕು?"

ಗಡಿಯಾರವನ್ನು ಮಗುಚಿದಳು. ತಳದ ಗಾಜಿನಿಂದ ಹಸಿರು ಬೆಳಕು ಚರ್ಮಕ್ಕೆ ಬೀಳುತ್ತದೆ, ಒಳಗೆ ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದೆ, ನಡುವೆ ಬಟ್ಟೆ ಬಂದರೆ ಬಾಯಿಗೆ ಬಂದದ್ದು ಹೇಳುತ್ತದೆ ಅಂತ ತಿಳಿಸಿದಳು. ಗಾಜಿನ ಮೇಲೆ ಬಣ್ಣದ ಹನಿಯೂ ಒಣಗಿ ಕೂತಿತ್ತು. ಪೇಂಟರ್ ಅಭ್ಯಾಸಬಲದಿಂದ ಥಿನ್ನರ್ ಬಾಟಲಿಗೆ ಕೈ ಹಾಕಿದ. ಅತ್ತೆ ಅವನ ಕೈ ಮೇಲೆ ಒಂದೇಟು ಕೊಟ್ಟಳು. ಥಿನ್ನರ್ ತಾಗಿದರೆ ಗಾಜು ಮಂಕು, ಪಟ್ಟಿ ಬಿರುಕು. ಒದ್ದೆ ಬಟ್ಟೆಯಲ್ಲಿ ನೆನೆಸಿ, ಉಗುರು ತಾಗಿಸದೆ ಮೆಲ್ಲಗೆ ಒರೆಸಿದಳು.

ಪೇಂಟರ್ ಸುಲಭಕ್ಕೆ ಸೋಲುವವನಲ್ಲ. "ಕೊಡು ಇಲ್ಲಿ, ನನಗೆ ಏನು ತೋರಿಸುತ್ತೆ ನೋಡೋಣ" ಅಂತ ಎಡಗೈಗೆ ಕಟ್ಟಿಕೊಂಡ. ಗಡಿಯಾರ ಎರಡು ಅಡ್ಡಗೆರೆ ತೋರಿಸಿ ಸುಮ್ಮನಾಯಿತು.

"ನೋಡಿದೆಯಾ? ದಂಡಪಿಂಡ."

"ನಿನಗೆ ಹೃದಯವೇ ಇಲ್ಲ ಅಂತಿದೆ ಅಣ್ಣ. ಸರಿಯಾಗೇ ಇದೆ," ಅಂದಳು ತಂಗಿ.

ಅಳುಮೋರೆಯ ಹುಡುಗಿಯೂ ನಕ್ಕಳು. ಹರೆಯದಲ್ಲಿ ಪೇಂಟರ್ ಎಡ ಮಣಿಕಟ್ಟಿನ ತುಂಬ ಕಪ್ಪು ಚೇಳಿನ ಹಚ್ಚೆ ಹಾಕಿಸಿಕೊಂಡಿದ್ದ. ದಟ್ಟ ಹಚ್ಚೆಯನ್ನು ದಾಟಿ ಆ ಬೆಳಕು ಒಳಗೆ ಹೋಗುವುದು ಕಷ್ಟ. ತಂಗಿ ಬಲಗೈಗೆ ಬದಲಾಯಿಸಿದಳು. ಮಣಿಕಟ್ಟಿನ ಮೂಳೆಯ ಮೇಲಲ್ಲ, ಮೊಣಕೈ ಕಡೆಗೆ ಎರಡು ಬೆರಳು ಹಿಂದೆ. ಅಲ್ಲಾಡಬಾರದು, ಚರ್ಮಕ್ಕೆ ಕಚ್ಚಲೂಬಾರದು. ಮೆಟ್ಟಿಲು ಹತ್ತಿ ಇಳಿ ಅಂದಳು. ಬಂದವನ ನಾಡಿಯನ್ನು ಬೆರಳಿನಿಂದ ಹಿಡಿದು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದಳು. ಗಡಿಯಾರದ ಅಂಕಿಗೂ ಅದಕ್ಕೂ ಎರಡು ಮೂರರ ವ್ಯತ್ಯಾಸ, ಅಷ್ಟೇ.

ಪೇಂಟರ್ ಗಡಿಯಾರ ಬಿಚ್ಚಿ ಮಗಳ ಕೈಗೆ ಕೊಟ್ಟ. ಬಟ್ಟೆ ಕೆಲಸದ ಹೊತ್ತಿಗೆ ಮಾತ್ರ ಅಂದ. ಅದೇ ಅವನ ಒಪ್ಪಿಗೆ.

ವಾರ ಕಳೆದು ಹುಡುಗಿ ಮತ್ತೆ ಮೈದಾನಕ್ಕಿಳಿದಳು. ಹಗುರ ಓಟದ ದಿನ ವಾಕಿಂಗ್ ಬಂದ ಅಜ್ಜಂದಿರೂ ಅವಳನ್ನು ಹಿಂದೆ ಹಾಕುತ್ತಿದ್ದರು. ನಾಚಿಕೆಯಿಂದ ವೇಗ ಹೆಚ್ಚಿಸಿದರೆ ಸೈಕಲ್ ಮೇಲೆ ಬರುತ್ತಿದ್ದ ಅಪ್ಪ "ಅಂಕಿ ನೋಡೇ" ಅಂತ ಗದರುತ್ತಿದ್ದ. ಬರಬರುತ್ತ ಅದೇ ಅಂಕಿಯಲ್ಲಿ ಅವಳ ವೇಗ ಹೆಚ್ಚಿತು. ಅಜ್ಜಂದಿರು ಹಿಂದೆ ಉಳಿದರು.

ಪರೀಕ್ಷೆಯ ದಿನ ಗಡಿಯಾರ ಕಟ್ಟಿಕೊಳ್ಳುವಂತಿಲ್ಲ ಅಂದರು. ಮಗಳು ಬಿಚ್ಚಿ ಅಪ್ಪನಿಗೆ ಕೊಟ್ಟು ಓಡಿದಳು. ಎಷ್ಟು ಉಸಿರಿಗೆ ಎಷ್ಟು ವೇಗ ಅನ್ನುವುದು ಅವಳ ಮೈಗೆ ಹತ್ತಿತ್ತು. ಹೊತ್ತು ಮುಗಿದ ಗಂಟೆ ಬಾರಿಸುವ ಮೊದಲೇ ಗೆರೆ ದಾಟಿದಳು. ಪಾಸು.

ಬೇಲಿಯಾಚೆ ಪೇಂಟರ್ ಆ ಗಡಿಯಾರವನ್ನು ಬಲಗೈಗೆ, ಮೂಳೆಯಿಂದ ಎರಡು ಬೆರಳು ಹಿಂದೆ ಕಟ್ಟಿಕೊಂಡು ನಿಂತಿದ್ದ. ಜೊತೆಗೆ ಬಂದಿದ್ದ ತಂಗಿ ಬಗ್ಗಿ ನೋಡಿದಳು. ನಿಂತಲ್ಲೇ ನಿಂತವನ ನಾಡಿ ನೂರ ಇಪ್ಪತ್ತೆರಡು.

"ಹೃದಯ ಇದೆ ಬಿಡು ಅಣ್ಣ," ಅಂದಳು.

ಈಗ ನಿಮಗೆ. ನೀವೂ ಇಂಥ ಗಡಿಯಾರ ಕಟ್ಟಿದ್ದರೆ ಈಗಲೇ ಬಿಚ್ಚಿ ತಳದ ಗಾಜು ನೋಡಿ. ಕೊಳೆ ಇದೆ, ನನಗೆ ಗೊತ್ತು. ಬೆವರಿದ ಮೇಲೆ ಒರೆಸಿ, ಪಟ್ಟಿ ತೊಳೆದು ಒಣಗಿಸಿ, ಒದ್ದೆ ಇದ್ದಾಗ ಚಾರ್ಜಿಗೆ ಹಾಕಬೇಡಿ. ದಿನಕ್ಕೊಮ್ಮೆ ಬಿಚ್ಚಿಟ್ಟು ಚರ್ಮಕ್ಕೂ ಗಾಳಿ ಕೊಡಿ. ಆ ಹುಡುಗಿಯ ಅಂಕಿ ನಿಮ್ಮದಲ್ಲ, ನಿಮ್ಮದನ್ನು ಬಲ್ಲವರಿಂದ ಕೇಳಿ ತಿಳಿಯಿರಿ. ಎದೆ ನೋವು, ತಲೆಸುತ್ತು ಬಂದರೆ ಅಂಕಿ ಎಷ್ಟೇ ಇರಲಿ, ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಮತ್ತೆ, ಆ ಸೂಚನೆಯ ಕಾಗದ ಎಲ್ಲಿ ಎಸೆದಿದ್ದೀರೋ ಹುಡುಕಿ ತಂದು ಓದಿ.