ಗ್ರಹಣದ ಸೌತೆಕಾಯಿ

ಒಂದೂರಲ್ಲಿ ಒಬ್ಬ ಬಸುರಿ ಇದ್ದಳಂತೆ. ಸೂರ್ಯನನ್ನು ಹಾವು ನುಂಗುವ ದಿನ ಮನೆಯವರೆಲ್ಲ ಉಪವಾಸ ಕೂತಿದ್ದರೆ ಅವಳಿಗೆ ಮಾತ್ರ ಬಾಯಿ ಒಣಗಿ ತಡೆಯಲಾಗಲಿಲ್ಲವಂತೆ. ಕದ ಮುಂದೆ ಮಾಡಿಕೊಂಡು, ಈಳಿಗೆ ತೆಗೆದು, ಒಂದು ಎಳೆ ಸೌತೆಕಾಯಿ ಹೆಚ್ಚಿ ತಿಂದಳಂತೆ. ಅವಳು ಹೆಚ್ಚಿದ್ದು ಸೌತೆಕಾಯಿಯಲ್ಲ, ಹೊಟ್ಟೆಯೊಳಗಿನ ಕೂಸಿನ ಕರುಳು. ಹುಟ್ಟಿದ ಗಂಡುಕೂಸಿನ ಹೊಟ್ಟೆ ಗಡಿಗೆಯಂತೆ ಉಬ್ಬಿತು. ಐದನೆಯ ದಿನಕ್ಕೆ ತೊಟ್ಟಿಲು ಬರಿದಾಯಿತು.

ಗುಡೇಕೋಟೆಯ ಆಚೆಯ ಹಟ್ಟಿಯಲ್ಲಿ ಎರ್ರಮ್ಮಜ್ಜಿ ಈ ಕಥೆ ಹೇಳುವಾಗ ಮೊಮ್ಮಗಳು ಸೌಭಾಗ್ಯ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಒಳಗೆ ಅವ್ವ ಪಾಲಮ್ಮ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಕಥೆಯ ಬಸುರಿ ಅಲ್ಲಿ ಒಲೆಯ ಮುಂದೆಯೇ ಕೂತಿದ್ದಾಳೆಂದು ತಿಳಿದಾಗ ಸೌಭಾಗ್ಯಳಿಗೆ ಒಂಬತ್ತು ವರ್ಷ. ಅಷ್ಟರಲ್ಲಿ ಅದನ್ನು ಎಷ್ಟು ಸಲ ಹಟ ಹಿಡಿದು ಹೇಳಿಸಿಕೊಂಡಿದ್ದಳೋ, ಲೆಕ್ಕವಿಲ್ಲ.

ಆ ಗ್ರಹಣದ ನಂತರ ಪಾಲಮ್ಮ ಈಳಿಗೆ ಮುಟ್ಟಲಿಲ್ಲ. ಹೆಚ್ಚುವುದೆಲ್ಲ ಮಗಳ ಪಾಲಿಗೆ. ಮಗಳಿಲ್ಲದ ದಿನ ಉಳ್ಳಾಗಡ್ಡೆಯನ್ನು ಮುಷ್ಟಿಯಿಂದ ಗುದ್ದುತ್ತಿದ್ದಳು, ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಕಿವುಚುತ್ತಿದ್ದಳು.

ಅಜ್ಜಿಯ ಹತ್ತಿರ ಇನ್ನೊಂದು ಕಥೆಯೂ ಇತ್ತು, ಅದು ಹೆಮ್ಮೆಯದು. ಅವಳ ಹಣೆಯ ಮೇಲೆ ಹುಟ್ಟಿದಾಗಿನಿಂದಲೇ ಒಂದು ಬಿಳಿ ಕೂದಲ ಜೊಂಪೆ. ಮಗ ಮೈಲಾರಲಿಂಗಪ್ಪನಿಗೂ ಇತ್ತು, ಮೊಮ್ಮಗಳಿಗೂ ಬಂದಿತ್ತು. ದೇವರು ಕುದುರೆ ಏರಿ ಹೋಗುವಾಗ ವಿಭೂತಿ ಕೈಯಿಂದ ಈ ಮನೆತನದ ತಲೆ ಸವರಿದ್ದನಂತೆ. ಅಪ್ಪನಿಗೂ ಮಗಳಿಗೂ ಎಡಗಿವಿ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಕಾಡಿಸಿದರೆಂದು ಸೌಭಾಗ್ಯ ಅತ್ತಾಗ ಅಜ್ಜಿ ನಕ್ಕಿದ್ದಳು. "ಒಂದು ಕಿವಿ ಸಾಕು ಬಿಡಲೇ. ಅತ್ತಿ ಮಾತಿಗೆ ಕಿವುಡ ಕಿವಿ ಕೊಟ್ಟು ಕೂತ್ರ ಬಾಳೇವು ಚಲೋ ಆಗತೈತಿ."

ಪಾಲಮ್ಮನ ಎರಡೂ ಕಿವಿ ಚೆನ್ನಾಗಿದ್ದವು.

ಸೌಭಾಗ್ಯ ಕೂಡ್ಲಿಗಿಯಲ್ಲಿ ಪಿಯುಸಿ ಪಾಸಾದ ವರ್ಷ, ಬಾವಿಯ ಹತ್ತಿರ ಪಾಲಮ್ಮ ಕೊಡ ಕೆಳಗಿಟ್ಟು ಕೇಳಿದಳು. "ಓದಿದಾಕಿ ಅದಿ. ತಿಳಿದೋರನ್ನ ಕಂಡ್ರ ಕೇಳವ್ವ, ಒಂದು ಸೌತಿಕಾಯಿ ಹೆಚ್ಚಿದ್ರ ಕೂಸು ಸಾಯತೈತೇನಂತ. ಹೌದಂದ್ರೂ ಸರಿ, ಅಲ್ಲಂದ್ರೂ ಸರಿ. ಬಂದು ಅತ್ತಿ ಮುಂದ ಹೇಳು." ಮಗಳು ಮಾತು ಕೊಟ್ಟಳು. ಆದರೆ ಅಂಥ ಪ್ರಶ್ನೆಯನ್ನು ಯಾರ ಮುಂದೆ ಕೇಳುವುದು? ನಾಚಿಕೆಯಲ್ಲೇ ಐದು ವರ್ಷ ಸರಿದವು. ಹರಪನಹಳ್ಳಿಗೆ ಮದುವೆಯಾಗಿ ಹೋದಳು, ಬಸುರಿಯಾದಳು.

ಆ ಒಂಬತ್ತು ತಿಂಗಳು, ಪಾಲಮ್ಮ ಹೇಳಿ ಕಳಿಸಿದ್ದರಿಂದ, ಅವಳ ಕೈಗೆ ಯಾರೂ ಈಳಿಗೆ ಕೊಡಲಿಲ್ಲ. ಹುಟ್ಟಿದ ಗಂಡುಕೂಸಿನ ಹಣೆಯ ಮೇಲೂ ಬಿಳಿ ಜೊಂಪೆ. ಮೂರನೆಯ ದಿನ ಹೊಟ್ಟೆ ಉಬ್ಬಿತು. ದಾವಣಗೆರೆಗೆ ಒಯ್ದು ಆಪರೇಷನ್ ಮಾಡಿಸಿದರೂ ಹನ್ನೊಂದನೆಯ ದಿನ ಕೂಸು ಹೋಯಿತು. ಅಲ್ಲಿಯ ಡಾಕ್ಟರಮ್ಮ ಅವಳ ಬಿಳಿ ಕೂದಲನ್ನು ಎರಡೆರಡು ಸಲ ನೋಡಿ, ಮನೆಯಲ್ಲಿ ಯಾರ್‍ಯಾರಿಗೆ ಹೀಗಿದೆಯೆಂದು ಕೇಳಿ, ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದ್ದರು. ಉತ್ತರದ ಕಾಗದ ಬಂದಾಗ ಮೂರು ತಿಂಗಳಾಗಿತ್ತು. ಡಾಕ್ಟರಮ್ಮ ಅದನ್ನು ಓದಿ, ಚಿತ್ರ ಬರೆದು, ನಿಧಾನವಾಗಿ ಬಿಡಿಸಿ ಹೇಳಿದರು. ಸೌಭಾಗ್ಯ ಆಗ ಸೌತೆಕಾಯಿಯ ಮಾತನ್ನೂ ಕೇಳಿಯೇಬಿಟ್ಟಳು. ಡಾಕ್ಟರಮ್ಮ ನಗಲಿಲ್ಲ.

ಮರುದಿನವೇ ಬಸ್ಸು ಹತ್ತಿದಳು. ಅಪ್ಪ ದೀಪಾವಳಿ ಕಳೆದ ಮೇಲೆ ಎಂದಿನಂತೆ ಕುರಿ ಹೊಡೆದುಕೊಂಡು ಮಾಗಳದ ಹೊಳೆದಂಡೆಗೆ ಹೋಗಿದ್ದ. ಅಜ್ಜಿ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಬಿಸಿಲು ಕಾಯುತ್ತಿದ್ದಳು. ಸೌಭಾಗ್ಯ ನೇರ ಒಳಗೆ ಹೋಗಿ, ಕೇಳಿಕೊಂಡು ಬಂದಿರುವುದಾಗಿ ಅವ್ವನ ಕಿವಿಯಲ್ಲಿ ಹೇಳಿದಳು. ಪಾಲಮ್ಮ ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು.

"ಇಲ್ಲಿ ಬ್ಯಾಡ. ಅತ್ತಿ ಮುಂದ ಹೇಳು."

ಮಡಿಲಲ್ಲಿ ಮಲಗಿಸಿಕೊಂಡು ಕಥೆಗಳನ್ನು ಕೊಟ್ಟವಳ ಎದುರಿಗೆ ಸೌಭಾಗ್ಯ ಕಟ್ಟೆಯ ಮೇಲೆ ಕೂತಳು, ಪಕ್ಕದಲ್ಲಿ ಅವ್ವ. ಕೂಸು ಕಡಲೆಕಾಳಿಗಿಂತ ಸಣ್ಣದಿರುವಾಗಲೇ ಅದರ ಬೆನ್ನಿನಿಂದ ಜೀವಕಣಗಳ ಹಿಂಡೊಂದು ಹೊರಡುತ್ತದೆ ಎಂದಳು. ಕೆಲವು ಕೂದಲಿಗೆ ಬಣ್ಣ ಹೊತ್ತು ಹೋಗುತ್ತವೆ, ಕೆಲವು ಕಿವಿಗೆ, ಕೆಲವು ಕರುಳಿಗೆ ಹೋಗಿ ನರವಾಗುತ್ತವೆ. ನೀನು ಇಂಥದಾಗು, ಇಂಥಲ್ಲಿಗೆ ಹೋಗು ಎಂದು ಅವುಗಳನ್ನು ಎಬ್ಬಿಸಿ ಕಳಿಸುವ, ಹೆತ್ತವರಿಂದ ಮಕ್ಕಳಿಗೆ ಇಳಿಯುವ ಜೀನು ಒಂದಿದೆ. ಸಾಕ್ಸ್ ಟೆನ್ ಎಂದು ಕಾಗದದಲ್ಲಿ ಅದರ ಹೆಸರು.

"ಅಪ್ಪ ಕುರಿ ಹೊಂಡಸುವಾಗ ಕೂಗು ಹಾಕ್ತಾನಲ್ಲ," ಎಂದಳು ಸೌಭಾಗ್ಯ. "ಆ ಕೂಗು ನಮ್ಮ ಮನಿತನದಾಗ ಅರ್ಧ ಐತಿ. ಹತ್ರ ಹೋಗೋವು ಮುಟ್ತಾವು, ದೂರ ಹೋಗೋವು ನಡುದಾರ್‍ಯಾಗ ನಿಂದರತಾವು. ಕರುಳಿನ ತುದಿ ಭಾಳ ದೂರ. ಅಲ್ಲಿಗೆ ನರ ಮುಟ್ಟಲಿಲ್ಲ, ಕರುಳು ಮಿಸುಕಲಿಲ್ಲ, ಹೊಟ್ಟಿ ಉಬ್ಬಿತು. ನನ್ನ ಕೂಸಿಗೂ ಹಂಗಾ ಆತು. ಅವ್ವನ ಕೂಸಿಗೂ ಹಂಗಾ ಆಗೇತಿ."

"ಸೌತಿಕಾಯಿ?" ಎಂದಳು ಪಾಲಮ್ಮ.

"ಸೌತಿಕಾಯಿ ಏನೂ ಮಾಡಿಲ್ಲ ಯವ್ವಾ."

ಅಜ್ಜಿಯ ಕೈ ತಾನಾಗಿ ಹಣೆಯ ಮೇಲಿನ ಬಿಳಿ ಕೂದಲಿಗೆ ಹೋಗಿ ಅಲ್ಲೇ ನಿಂತಿತು. ಈಗ ಅವಳ ತಲೆಯೆಲ್ಲ ಬಿಳಿ, ಆ ಜೊಂಪೆ ಎಲ್ಲಿತ್ತೆಂದು ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಅವಳ ಬೆರಳಿಗೆ ಗೊತ್ತಿತ್ತು.

"ಹಂಗಾರ ಅದು ನನ್ನಿಂದ ಬಂತು," ಎಂದಳು.

"ನನ್ನಿಂದಾನೂ ನನ್ನ ಕೂಸಿಗೆ ಹೋತಲ್ಲ ಅಜ್ಜಿ."

ಎಲ್ಲದಕ್ಕೂ ಒಂದು ಕಥೆ ಇಟ್ಟುಕೊಂಡಿದ್ದ ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಪಾಲಮ್ಮ ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಈಳಿಗೆ, ಇನ್ನೊಂದರಲ್ಲಿ ಸೌತೆಕಾಯಿ. ಅತ್ತೆಯ ಎದುರಿಗೆ ಕೂತು, ಮಣೆಯನ್ನು ಕಾಲಿಂದ ಒತ್ತಿ ಹಿಡಿದಳು. ತುದಿ ಕೊಯ್ದು, ಆ ತುದಿಯಿಂದಲೇ ಉಜ್ಜಿ ಕಹಿಯ ನೊರೆ ತೆಗೆದಳು. ಮೊದಲ ಹೋಳು ದಪ್ಪ ಬಿತ್ತು, ಎರಡನೆಯದು ಎಲೆಯಷ್ಟು ತೆಳ್ಳಗೆ. ತೆಳ್ಳಗಿನದನ್ನು ಆರಿಸಿ ಅತ್ತೆಯ ಅಂಗೈಯಲ್ಲಿಟ್ಟಳು. ಕಾಯಿ ಮುಗಿದ ಮೇಲೂ ಮಣೆಯ ಮೇಲಿಂದ ಕಾಲು ತೆಗೆಯದೆ ಹಾಗೇ ಕೂತಿದ್ದಳು.