ಕಣಕಾಲು ಮುಚ್ಚುವ ಬೂಟು

"ಅಕ್ಕಾರ, ಇದು ಮೂರನೇ ಸಲ ನೋಡ್ರಿ. ಬೂಟಿಗೇ ನಿಮ್ಮ ಕಾಲಿನ ಗುರ್ತು ಸಿಕ್ಕೈತಿ," ಎಂದು ಅಂಗಡಿಯ ಯಾಸೀನ ನಕ್ಕ.

ಸಪ್ನಾಗೆ ನಗು ಬರಲಿಲ್ಲ. ಬಲಗಾಲಲ್ಲಿ ಕರಿ ಕ್ಯಾನ್ವಾಸಿನ ಹೈ-ಟಾಪ್, ಎಡಗಾಲಲ್ಲಿ ಸವೆದ ಚಪ್ಪಲಿ. ಎದ್ದು ಕನ್ನಡಿಯ ಮುಂದೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಕಾಲೇಜಿನ ದಿನಗಳಿಂದ ಈ ಬೂಟಿಗಾಗಿ ಜೀವ ಬಡಿದುಕೊಳ್ಳುತ್ತಿತ್ತು. ಈಗ ಪಗಾರ ಬರುತ್ತಿದೆ, ಆದರೆ ಪಗಾರ ಕೊಡುವ ಕೆಲಸವೇ ಅಡ್ಡ ನಿಂತಿದೆ. ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವವಳು ಅವಳು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಹದಿನೈದು ಮನೆ, ಹದಿನೈದು ಹೊಸ್ತಿಲು. ಚಪ್ಪಲಿಯಾದರೆ ಕಾಲು ಝಾಡಿಸಿದರೆ ಮುಗಿಯಿತು. ಈ ಮಹಾರಾಯನಿಗೋ ಮೊಳದುದ್ದದ ಲೇಸು! ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಬಾಗಿಲಿಗೇ ಬಂದು ನಿಂತಿರುತ್ತಾರೆ, ಚಹಾ ಕುಡಿಯದ ಸಿಟ್ಟೆಲ್ಲ ಇವಳ ಮೇಲೆ.

"ರವಿವಾರಕ್ಕೊಮ್ಮೆ ಹಾಕ್ಕೊಳ್ಳಾಕ ಇದ್ಯಾಕ ಬೇಕು? ಸುಡ್ಲಿ, ಬ್ಯಾಡ," ಎಂದು ಲೇಸಿಗೆ ಕೈ ಹಾಕಿದಳು. ಬಿಚ್ಚಲು ಮನಸ್ಸು ಬರಲಿಲ್ಲ.

ಪಕ್ಕದಲ್ಲಿ ಅವಳ ಅಜ್ಜಿ ರೇಣವ್ವ ಕೂತಿದ್ದಳು. ಟಿಕೋಟಾ ಕಡೆಯ ಹಳ್ಳಿಯಿಂದ ನಿನ್ನೆಯಷ್ಟೇ ಬಂದವಳು. ಅವಳೀಗ ಬಾಗಿ ಬೂಟು ಮುಟ್ಟಿ ನೋಡಿದಳು.

"ಇದು ಲಗೂನ ಕಾಲಾಗಿಂದ ಬರಂಗಿಲ್ಲೇನು?"

ಮುದುಕಿ ವ್ಯಾಪಾರ ಕೆಡಿಸುತ್ತಾಳೆಂದು ಯಾಸೀನ ಇನ್ನೊಂದು ಡಬ್ಬಿ ಎಳೆದ. "ಬಾಜೂಕ ಚೈನ್ ಇರೂದೂ ಐತ್ರಿ ಆಯಿ. ಸರ್ ಅಂತ ಎಳದ್ರ ಬೂಟು ಹೊರಗ!"

"ಅದನ್ನ ಒಳಗಿಡಪಾ," ಎಂದ ರೇಣವ್ವ ಮೊಮ್ಮಗಳ ಕಡೆ ತಿರುಗಿದಳು. "ನಿಮ್ಮ ಮುತ್ಯಾ, ನಮ್ಮನಿಯಾಂವ, ಒಮ್ಮಿ ಸೊಲ್ಲಾಪುರದಾಗ ಲೇಸಿನ ಬೂಟು ಕೊಂಡು ಹಾಕ್ಕೊಂಡು ಬಂದಿದ್ದ. ಗೌಡ್ರ ಓಣಿ ಬಂತಂದ್ರ ನಮ್ಮ ಮಂದಿ ಕಾಲಾಗಿಂದು ಕೈಯಾಗ ಹಿಡೀಬೇಕಿತ್ತಲ್ಲ. ಓಣಿ ತುದಿಗೆ ಕುಂತ. ಗಂಟು ಬಿಗದಿತ್ತು, ಬಿಚ್ಚವಲ್ದು. ಕಟ್ಟಿ ಮ್ಯಾಲಿನವ್ರು ನಕ್ಕೋತ ನಿಂತ್ರು. ಮಣ್ಣಾಗ ಕುಂತು ಹಲ್ಲೀಲೆ ಬಿಚ್ಚಿದ ಯವ್ವಾ. ಆಮ್ಯಾಲ ಆ ಬೂಟು ಮುಟ್ಟಲೇ ಇಲ್ಲ."

ಯಾಸೀನ ಡಬ್ಬಿಯ ಮುಚ್ಚಳ ಹಾಕಿ ಕಪಾಟಿನ ಕಡೆ ತಿರುಗಿದ.

ಸಪ್ನಾ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಜ್ಜಿಯ ಮೇಲೇ ಸಿಟ್ಟಾದಳು. "ಇಷ್ಟು ದಿನ ಯಾಕ ಹೇಳಲಿಲ್ಲ ನೀ?"

"ಹೇಳೂ ಮಾತೇನದು?"

"ನಾನೂ ಮನಿ ಮನಿಗೆ ಬಿಚ್ಚಬೇಕಲ್ಲ ಆಯಿ?"

"ಅಂವ ಓಣಿ ದಾಟಾಕ ಬಿಚ್ಚಿದ. ನೀ ಒಳಗ ಹೋಗಾಕ ಬಿಚ್ಚತಿ. ಬಾಗಲದಾಗ ನಿಂತವ್ರು ಒಂದೀಟ ನಿಲ್ಲಲಿ ತಗೊ."

ಸಪ್ನಾ ಎಡಗಾಲಿಗೂ ಬೂಟು ಏರಿಸಿದಳು. ಲೇಸು ಎರಡು ಸಲ ಜಾರಿತು. ಮೂರನೇ ಸಲಕ್ಕೆ ಗಂಟು ಕೂತಿತು.

ರೊಕ್ಕ ಕೊಟ್ಟು ಬೂಟಿನಲ್ಲೇ ಹೊರಗೆ ಬಂದರೆ ಸ್ಟೇಷನ್ ರಸ್ತೆಯ ತುಂಬ ಆಟೋಗಳ ಗದ್ದಲ. ಸಪ್ನಾ ಅಭ್ಯಾಸದಂತೆ ಅಜ್ಜಿಯ ಕೈ ಹಿಡಿದಳು. ರೇಣವ್ವ ಮೆಲ್ಲಗೆ ಬಿಡಿಸಿಕೊಂಡಳು.

"ನೀ ಮುಂದ ನಡಿ. ನಾ ಹಿಂದಿಂದ ನೋಡ್ಕೋತ ಬರ್ತೀನಿ."

ಹತ್ತು ಹೆಜ್ಜೆ ಹೋಗಿ ಸಪ್ನಾ ತಿರುಗಿ ನೋಡಿದಳು. ಮುದುಕಿ ಸೆರಗಿನ ತುದಿ ಬಾಯಿಗೊತ್ತಿಕೊಂಡು ನಿಂತಲ್ಲೇ ನಿಂತಿದ್ದಳು. ಕಣ್ಣು ಮೊಮ್ಮಗಳ ಕಾಲ ಮೇಲಿತ್ತು. "ನಿಂತ್ಯಾಕ? ನಡಿ," ಎಂಬಂತೆ ಕೈ ಬೀಸಿದಳು.