ಬೀನ್ಸ್ ಬಳ್ಳಿಗೆ ಕೊಟ್ಟ ಕೋಲುಗಳು

"ಇದೂ ಸತ್ತಿದೆ," ಅಂದ ಹೆಡ್ಲಿ ಮಾವ.

ಶುಕ್ರವಾರದ ಕೆಲಸ ಮುಗಿಸಿ ಅವನ ಗ್ಯಾರೇಜಿನ ಬಾಗಿಲಲ್ಲಿ ಕೋಲು ಬಿಚ್ಚಿಕೊಂಡು ಕೂತಿದ್ದೆವು. ನಮ್ಮದು ಕಿಟಕಿ ತೊಳೆಯುವ ಕಸುಬು. ಮಾವನಿಗೆ ಅವನ ಅಪ್ಪನಿಂದ ಬಂದದ್ದು, ನನಗೆ ಮಾವನಿಂದ. ಅಜ್ಜನ ಕಾಲಕ್ಕೆ ಏಣಿ ಇತ್ತು. ಈಗ ನೆಲದ ಮೇಲೇ ನಿಂತು ಕಾರ್ಬನ್ ನಾರಿನ ಕೋಲು ಎತ್ತುತ್ತೇವೆ. ಒಂದರೊಳಗೊಂದು ಜಾರುವ ಕಪ್ಪು ಕೊಳವೆಗಳು. ಎಲ್ಲವನ್ನೂ ಹೊರಗೆಳೆದು, ಮತ್ತೆ ಜಾರದಂತೆ ಬಿಗಿಯುವ ಕ್ಲಾಂಪ್ ಹಾಕಿದರೆ ಐದನೆಯ ಮಹಡಿಗೂ ಮುಟ್ಟುತ್ತದೆ. ಒಳಗೆ ಸಣ್ಣ ಪೈಪು, ತುದಿಗೆ ಬ್ರಷ್ಷು, ವ್ಯಾನಿನ ಟ್ಯಾಂಕಿನಿಂದ ಶುದ್ಧ ನೀರು. ಉಪ್ಪು, ಸುಣ್ಣ ಏನೂ ಉಳಿಯದಂತೆ ಸೋಸಿದ ಆ ನೀರು ಗಾಜಿನ ಮೇಲೆ ತಾನಾಗಿ ಒಣಗಿದರೂ ಕಲೆ ಬಿಡುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳಾದ್ದರಿಂದ ಯಾಕೆಂದು ನನಗೆ ಗೊತ್ತು. ಗೊತ್ತಿದ್ದೂ, ಒರೆಸದೆ ಬಿಟ್ಟ ಗಾಜು ಬಿಸಿಲಿನಲ್ಲಿ ಇಲ್ಲವೇ ಇಲ್ಲವೇನೋ ಎಂಬಷ್ಟು ತಿಳಿಯಾಗುವುದನ್ನು ನೋಡುತ್ತ ನಿಲ್ಲುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಶುಕ್ರವಾರ ಕೋಲಿನ ಆರೈಕೆ. ಕೊಳವೆಗಳನ್ನು ಬೇರೆ ಮಾಡಿ ತೊಳೆಯುವುದು ನನ್ನ ಪಾಲು. ಎರಡು ಕೊಳವೆಗಳ ನಡುವೆ ಮರಳಿನ ಪುಡಿ ಉಳಿದರೆ ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಸಲೀಸಾಗಿ ಜಾರಲಿ ಎಂದು ಎಣ್ಣೆ ಹಚ್ಚುವ ಹಾಗೂ ಇಲ್ಲ. ಹಚ್ಚಿದರೆ ಕ್ಲಾಂಪ್ ಕೈಕೊಡುತ್ತದೆ, ಗಾಜೆಲ್ಲ ಮಂಕಾಗುತ್ತದೆ. ತಟ್ಟಿ ನೋಡುವುದು ಮಾವನ ಪಾಲು. ಅಜ್ಜನ ಕಾಲದ ತಾಮ್ರದ ಪೆನ್ನಿ ನಾಣ್ಯ ಹಿಡಿದು ಕೊಳವೆಯ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಕೊಳವೆ ಟಣ್ ಅನ್ನುತ್ತದೆ. ಒಳಗಿನ ಪದರ ಅಂಟು ಬಿಟ್ಟಿದ್ದರೆ ಒದ್ದೆ ಹಲಗೆ ತಟ್ಟಿದಂತೆ ದಪ್ ಅನ್ನುತ್ತದೆ. ಹೊರಗೆ ಎಷ್ಟೇ ಹೊಳೆಯುತ್ತಿರಲಿ, ಅಂಥದ್ದು ಎತ್ತರದಲ್ಲಿ ಒಮ್ಮೆಲೇ ಮುರಿಯಬಹುದು.

ಅಜ್ಜನ ನೇಮವೊಂದಿತ್ತು: ಏಣಿ ಹತ್ತುವವನೇ ಏಣಿ ತಟ್ಟಬೇಕು, ಇನ್ನೊಬ್ಬನ ಕಿವಿಯನ್ನು ನಂಬಬಾರದು. ಮಾವ ಅದನ್ನು ಕೋಲಿಗೆ ಹೊಂದಿಸಿಕೊಂಡಿದ್ದ. ಉದ್ದದ ಕೋಲು ಎತ್ತುವವನೇ ತಟ್ಟಬೇಕು. ದನಿ ಹಿಡಿಯಲಾರದವನು ಎತ್ತಬಾರದು. ಕೆಳಗೆ ಜನ ಓಡಾಡುತ್ತಾರೆ. ಕಾಲ್ಡರ್ ಕಣಿವೆಯ ನಮ್ಮ ಊರಿನಲ್ಲಿ ಉದ್ದದ ಕೋಲು ಅಂದರೆ ಹೆಡ್ಲಿ ಗ್ರೀನ್‌ವುಡ್. ಅದನ್ನು ಬಿಟ್ಟು ಬೇರೆ ಹೆಮ್ಮೆ ಅವನಿಗೆ ಇರಲಿಲ್ಲ.

"ಈ ವರ್ಷ ಮೂರನೇದು, ಮಾವ," ಅಂದೆ.

"ಈಗಿನ ಸಾಮಾನೇ ಹಾಗೆ ಕಣೇ ರೊವೀನಾ. ನಿನ್ನ ಕಾಲೇಜಿನೋರು ಕಂಡುಹಿಡಿದದ್ದಲ್ವಾ?"

"ನಮ್ಮ ಕಾಲೇಜಿನೋರು ಕಿಟಕೀನೇ ತೆಗೀತಿರಲಿಲ್ಲ, ಕೋಲೆಲ್ಲಿ ಕಂಡುಹಿಡೀತಾರೆ."

ಅವನು ನಗಲಿಲ್ಲ. ಇನ್ನೊಮ್ಮೆ ಹೇಳಿದೆ.

"ಕೇಳಿಸ್ತು, ಕೇಳಿಸ್ತು. ಚೆನ್ನಾಗಿರಲಿಲ್ಲ, ಅದಕ್ಕೆ ಸುಮ್ಮನಿದ್ದೆ."

ಸತ್ತ ಕೊಳವೆಗಳೆಲ್ಲ ವಿನ್ನಿ ಅತ್ತೆಯ ತರಕಾರಿ ತೋಟಕ್ಕೆ ಹೋಗುತ್ತಿದ್ದವು. ಊರಿನಲ್ಲಿ ಎಲ್ಲರ ಬೀನ್ಸ್ ಬಿದಿರು ಹತ್ತಿದರೆ ಅತ್ತೆಯದು ಕಾರ್ಬನ್ ಹತ್ತುತ್ತಿತ್ತು. ಆ ಭಾನುವಾರ ಚರ್ಚಿನಲ್ಲಿ ಸುಗ್ಗಿಯ ಪ್ರಾರ್ಥನೆ. ಪ್ರತಿ ಮನೆಯವರೂ ಬೆಳೆದದ್ದನ್ನು ಒಯ್ದು ಇಡುತ್ತಾರೆ. ಶನಿವಾರ ಬೆಳಿಗ್ಗೆ ನಾವು ಅದೇ ಚರ್ಚಿನ ಮುಂಗೋಡೆಯ ಕಿಟಕಿಗಳನ್ನು ತೊಳೆಯಬೇಕಿತ್ತು. ಹಾಗಾಗಿ ಶುಕ್ರವಾರ ಸಂಜೆ ಮೂರನೆಯ ಕೊಳವೆಯನ್ನು ಹೊತ್ತುಕೊಂಡು ತೋಟಕ್ಕೆ ನಾನೇ ಹೋದೆ, ಅತ್ತೆಯ ಜೊತೆ ಬೀನ್ಸ್ ಕೊಯ್ಯಲು.

ಕೊಳವೆಯನ್ನು ಬೇಲಿಗೆ ಒರಗಿಸಿ ತಿರುಗಿದಾಗ ಕೈಯಲ್ಲಿದ್ದ ಚಾಕುವಿನ ಹಿಡಿ ಅದಕ್ಕೆ ತಗುಲಿತು.

ಟಣ್.

ಮತ್ತೆ ತಟ್ಟಿದೆ. ಮೇಲೆ, ನಡುವೆ, ಕೆಳಗೆ. ಎಲ್ಲ ಕಡೆ ಅದೇ ತಿಳಿಯಾದ ದನಿ. ಬಳ್ಳಿಯೊಳಗಿನ ಇನ್ನೆರಡು ಕೊಳವೆಗಳ ಕಡೆ ಕೈ ಹಾಕಿದೆ.

"ಬಳ್ಳಿ ಕಿತ್ತರೆ ಅದರ ಜಾಗದಲ್ಲಿ ನಿನ್ನನ್ನೇ ನೆಡ್ತೀನಿ," ಅಂದಳು ಅತ್ತೆ.

ಜೋಪಾನವಾಗಿ ಬಿಡಿಸಿ, ಮಣ್ಣು ಒರೆಸಿ, ಒಂದೊಂದನ್ನೂ ಹಿಡಿದು ತಟ್ಟಿದೆ. ಮೂರೂ ಗಟ್ಟಿಯಾಗಿದ್ದವು.

"ಅತ್ತೆ, ಮಾವನಿಗೆ ಕಿವಿ ಕೇಳುತ್ತಾ?"

ಅತ್ತೆ ಕೊಯ್ಯುವುದನ್ನು ನಿಲ್ಲಿಸಿದಳು. "ನಮ್ಮನೆ ಟಿವಿ ವಾರ್ತೆನ ಎದುರು ಮನೆಯೋರು ಕೂತಲ್ಲೇ ಕೇಳ್ತಾರೆ. ಹೇಳಿದ್ರೆ 'ನೀನು ಗೊಣಗೋದು ಜಾಸ್ತಿ ಆಗಿದೆ' ಅಂತಾನೆ. ಚರ್ಚಿಗೆ ಬಂದು ವರ್ಷ ಆಯ್ತು. ಉಪದೇಶ ಬೇಜಾರಂತೆ. ನಲವತ್ತು ವರ್ಷ ಬೇಜಾರಾಗದ್ದು!"

ಅವನು ಕೊಳವೆಯ ಸಾವು ಎಂದುಕೊಂಡದ್ದು ತನ್ನ ಕಿವಿಯದಾಗಿತ್ತು. ಆದರೆ ಮೂರನ್ನೂ ಹೊತ್ತು ನಾನು ಗ್ಯಾರೇಜಿಗೆ ಓಡಿದ್ದು ಅದಕ್ಕಲ್ಲ. ಗಟ್ಟಿಯಾದದ್ದು ಸತ್ತಂತೆ ಕೇಳಿಸಿದರೆ, ಸತ್ತದ್ದು ಹೇಗೆ ಕೇಳಿಸೀತು? ಅಲ್ಲಿ, ಅವನು ಸರಿಯಿದೆ ಎಂದು ಬಿಟ್ಟಿದ್ದ ಕೊಳವೆಗಳನ್ನು ತಟ್ಟಿದೆ. ಕೆಳಗಿನಿಂದ ನಾಲ್ಕನೆಯದು ದಪ್ ಅಂದಿತು. ವಸಂತದಲ್ಲಿ ಕೊಂಡ ಹೊಸ ಕೊಳವೆ. ಕ್ಲಾಂಪ್ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಕ್ಲಾಂಪಿನ ಹಿಡಿ ಕೂತಾಗ ಟಕ್ ಎನ್ನಬೇಕು. ಆ ಟಕ್ ಕೇಳಿಸದೆ ಮಾವ ಅಲೆನ್ ಕೀ ಹಾಕಿ ಸ್ಕ್ರೂವನ್ನು ಬಿಗಿಯುತ್ತಲೇ ಹೋಗಿದ್ದ. ಕಾರ್ಬನ್ ಎಳೆತಕ್ಕೆ ಉಕ್ಕನ್ನೂ ನಾಚಿಸುತ್ತದೆ, ಹಿಂಡಿದರೆ ಮೊಟ್ಟೆಯ ಚಿಪ್ಪು.

ಹೇಳದೆ ಇರುವ ಹಾಗಿರಲಿಲ್ಲ. ಹೇಳಿದರೆ, ಅವನದೇ ನೇಮದ ಪ್ರಕಾರ, ಅವನು ಉದ್ದದ ಕೋಲು ಎತ್ತುವುದು ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಿಗ್ಗೆ ಚರ್ಚಿನ ಮುಂದೆ ವ್ಯಾನ್ ನಿಲ್ಲಿಸಿ, ಅವನ ಎದುರಿಗೇ ನಿಂತು ಹೇಳಿದೆ. "ಮಾವ, ಬೀನ್ಸಿಗೆ ಕೊಟ್ಟ ಮೂರೂ ಚೆನ್ನಾಗಿವೆ."

"ತಟ್ಟಿದ್ದೀನಲ್ಲ ನಾನು."

"ನಾನೂ ತಟ್ಟಿದೆ."

"ನೀನ್ಯಾಕೆ ತಟ್ಟಿದೆ?" ಅವನ ದನಿ ಏರಿತು. "ಎತ್ತೋನು ನಾನು. ನೀನು ತೊಳಿ ಸಾಕು."

ನಾಲ್ಕನೆಯ ಕೊಳವೆಯನ್ನು ಅವನ ಕೈಗಿಟ್ಟೆ. "ಸತ್ತಿರೋದು ಇದು."

"ತಲೆ ಕೆಟ್ಟಿದೆಯಾ? ಇದು ಹೊಸದು!"

ಬಿರುಕನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನಿ ತೆಗೆದು ಅದನ್ನು ತಟ್ಟಿದ, ಬೀನ್ಸಿನದೊಂದನ್ನು ತಟ್ಟಿದ. ಕಿವಿಯ ಹತ್ತಿರ ತಂದು ಮತ್ತೆ ತಟ್ಟಿದ. ನನಗೆ ಒಂದು ಹಾಡುತ್ತಿತ್ತು, ಒಂದು ಕೆಮ್ಮುತ್ತಿತ್ತು. ಅವನ ಮುಖ ಮಾತ್ರ ಎರಡಕ್ಕೂ ಒಂದೇ ತರ ಇತ್ತು.

"ಎರಡೂ ಒಂದೇ ತರ ಇವೆಯಲ್ಲೇ," ಅಂದ ಮೆಲ್ಲಗೆ.

ಅವನು ಪೆನ್ನಿಯನ್ನು ನನ್ನ ಅಂಗೈಗೆ ಹಾಕಿ, "ಹಾಗಾದ್ರೆ ನೀನೇ ಎತ್ತು," ಎಂದು ಹೋಗಿ ಮೆಟ್ಟಿಲ ಮೇಲೆ ಕೂತ. ಬೆನ್ನು ಕೋಲಿನ ಕಡೆಗೆ.

ಹೊಸ ಕೊಳವೆ ಬಂದಾಗ ಅವನು ಎಸೆದಿದ್ದ ಹಳೆಯದು ಬೀನ್ಸಿನ ಬಳ್ಳಿಯಲ್ಲಿತ್ತಲ್ಲ, ಅಳತೆಗೆ ಸರಿಯಾಗಿ ಅದೇ ಕೂತಿತು. ನಿನ್ನೆ ತೆಗೆದದ್ದನ್ನೂ ಅದರ ಜಾಗಕ್ಕೆ ಸೇರಿಸಿದೆ. ಕ್ಲಾಂಪಿನ ಸ್ಕ್ರೂಗಳನ್ನು ಸಡಿಲಿಸಿ ಹದ ಮಾಡಿದೆ. ಪೈಪಿನಲ್ಲಿ ನೀರು ಬಿಟ್ಟು, ಕೋಲನ್ನು ಗೋಡೆಗೆ ಹತ್ತಿರ ನೆಟ್ಟಗೆ ನಿಲ್ಲಿಸಿಕೊಂಡು, ಒಂದೊಂದೇ ಕೊಳವೆಯನ್ನು ಮೇಲಕ್ಕೆ ತಳ್ಳಿದೆ. ಅಷ್ಟು ಉದ್ದ ನಾನು ಎತ್ತಿರಲಿಲ್ಲ. ಮೇಲಿನ ತುದಿ ಗಾಳಿಗೆ ತೂಗುತ್ತಿತ್ತು. ತೂಗಾಟ ಕೈಗೆ ತಲುಪುವಷ್ಟರಲ್ಲಿ ಅಲ್ಲಿ ಅದು ಬೇರೆ ಕಡೆಗೆ ಹೋಗಿರುತ್ತಿತ್ತು. ಮಾವ ಇಷ್ಟು ವರ್ಷ ಇದನ್ನು ಸಿಳ್ಳೆ ಹಾಕುತ್ತ ಮಾಡುತ್ತಿದ್ದ.

ಮೊದಲ ಉದ್ದ ಕಿಟಕಿ ತೊಳೆದೆ. ಎರಡನೆಯದರ ನಡುವಿನಲ್ಲಿ ದಣಿವಾರಿಸಿಕೊಳ್ಳಲು ಬ್ರಷ್ಷಿನ ಬೆನ್ನನ್ನು ಕಿಟಕಿಯ ಕಬ್ಬಿಣದ ಚೌಕಟ್ಟಿಗೆ ಒರಗಿಸಿ ನಿಂತೆ. ಆಗ ಒಳಗೆ ಮಿಸ್ ಥೆಲ್ಮಾ ಕ್ರಾಬ್‌ಟ್ರೀ ನಾಳೆಯ ಹಾಡುಗಳಿಗೆ ಆರ್ಗನ್ ಅಭ್ಯಾಸ ಶುರು ಮಾಡಿದರು. ನನಗೆ ಪಿಯಾನೊ ಹೇಳಿಕೊಟ್ಟ ಟೀಚರ್ ಅವರು.

ಕೋಲಿಗೆ ಜೀವ ಬಂತು.

ಬೇರೆ ಪದ ನನಗೆ ತೋಚುವುದಿಲ್ಲ. ಆರ್ಗನ್ನಿನ ದೊಡ್ಡ ಕೊಳವೆಗಳ ಉಸಿರು ಗಾಳಿಯನ್ನು ಅಲುಗಿಸಿತು, ಗಾಳಿ ಗಾಜನ್ನು, ಗಾಜು ಚೌಕಟ್ಟನ್ನು, ಚೌಕಟ್ಟು ಕೋಲನ್ನು. ಅಷ್ಟೆತ್ತರದಿಂದ, ಅಷ್ಟು ಕೀಲುಗಳನ್ನು ದಾಟಿ, ಆ ಕಂಪನ ನನ್ನ ಅಂಗೈಗೆ ಇಳಿಯಿತು. ಇಷ್ಟರಲ್ಲಿ ಅರ್ಧವಾದರೂ ದಾರಿಯಲ್ಲಿ ಸೋರಿಹೋಗಬೇಕು ಎಂದು ನಾನು ಓದಿದ ವಿಜ್ಞಾನ ಹೇಳುತ್ತಿತ್ತು. ಸೋರಿರಲೂಬಹುದು. ಉಳಿದದ್ದೇ ನನ್ನ ಮೊಣಕೈವರೆಗೆ ತುಂಬಿತ್ತು. ಒಳಗೆ ಮೇಲೇರುವ ನೀರಿನ ಜುಮುಗುಟ್ಟುವಿಕೆಯೂ ಅದರ ಜೊತೆ ಸೇರಿ, ನಾನು ಹಿಡಿದದ್ದು ಒಂದು ಪ್ರಾಣಿಯ ಕತ್ತೇನೋ ಅನ್ನಿಸಿತು.

"ಮಾವ!" ಕೇಳಿಸಲಿಲ್ಲ. ಕಾಲಿನಿಂದ ಒಂದು ಹರಳನ್ನು ಅವನ ಕಡೆ ಒದ್ದೆ. ತಿರುಗಿದ. "ಬಾ ಇಲ್ಲಿ. ಕೈ ಇಡು."

"ಬೇಡ ಹೋಗೇ."

"ಜಾರ್ತಾ ಇದೆ ಮಾವ, ಹಿಡ್ಕೋ!"

ಜಾರುತ್ತಿರಲಿಲ್ಲ. ಅವನು ಎದ್ದೋಡಿ ಬಂದು ಎರಡೂ ಕೈಯಲ್ಲಿ ಹಿಡಿದ. ಹಿಡಿದವನು ಹಾಗೇ ನಿಂತ. ಬಾಯಿ ಸ್ವಲ್ಪ ತೆರೆಯಿತು. ಮೇಲೆ ನೋಡಿದ, ಕೈ ನೋಡಿಕೊಂಡ. ಆಮೇಲೆ ಕಣ್ಣು ಮುಚ್ಚಿ ಹಣೆಯನ್ನು ಕೋಲಿಗೆ ಆನಿಸಿದ.

"ಸುಗ್ಗಿ ಹಾಡು," ಅಂದ. "ಎರಡನೇ ಸಾಲು. ಇಲ್ಲಿ ನಾವು ಕೆಳಗಿಳೀತೀವಿ... ಇಳಿದ್ಲು ನೋಡು." ಎಷ್ಟೋ ವರ್ಷ ಗಾಯಕರ ಸಾಲಿನಲ್ಲಿ ತಗ್ಗಿನ ದನಿ ಹಾಡಿದವನು, ಆ ಹಾಡಿನ ನೆಲಮಾಳಿಗೆಯೆಲ್ಲ ಅವನಿಗೆ ಗೊತ್ತಿತ್ತು. "ರೊವೀನಾ, ಒಂದು ವರ್ಷ ಆಗಿತ್ತು ಕಣೇ."

ಹಾಡು ನಿಂತಿತು. ಕೋಲು ಇಳಿಸಿದೆವು. ಅಂಗೈ ನೋಡಿಕೊಂಡವನು ಏನೋ ಹೊಳೆದಂತೆ ಒಳ್ಳೆಯ ಕೊಳವೆಯೊಂದನ್ನು ಬೆರಳ ತುದಿಯಲ್ಲಿ ತೂಗಿಸಿಕೊಂಡ. "ಪೆನ್ನಿ ಕೊಡು."

ತಟ್ಟಿದ. ನಾನೂ ಬೆರಳಿಟ್ಟೆ. ಕಿವಿಗೆ ದನಿ ಆರಿದ ಮೇಲೂ ಚರ್ಮದ ಕೆಳಗೆ ನಡುಕ ಹರಿಯುತ್ತಲೇ ಇತ್ತು. ಆಗ ನನಗೆ ನೆನಪಾಯಿತು: ಅಷ್ಟುದ್ದದ ಕೊಳವೆ ಬಾಗಿ ನಡುಗುವ ವೇಗವೂ ಮನುಷ್ಯನ ಬೆರಳು ಅತಿ ಸೂಕ್ಷ್ಮವಾಗಿ ಗ್ರಹಿಸುವ ನಡುಕದ ವೇಗವೂ ಹತ್ತಿರ ಹತ್ತಿರ ಒಂದೇ. ಯಾರೂ ಹೊಂದಿಸಿದ್ದಲ್ಲ. ಕೈ ಯಾವ ಕಾಲದ್ದು, ಕಾರ್ಬನ್ ಕೊಳವೆ ಯಾವ ಕಾಲದ್ದು! ಒಂದಕ್ಕಾಗಿ ಇನ್ನೊಂದು ಕಾಯುತ್ತಿತ್ತೇನೋ ಎಂಬಂತೆ ಹೊಂದಿತ್ತು.

ಬಿರುಕಿನ ಕೊಳವೆ ತಟ್ಟಿದ. ನಡುಕ ಹುಟ್ಟಿದಲ್ಲೇ ಸತ್ತಿತು.

"ಗೊತ್ತಾಗುತ್ತೆ," ಅಂದ ಮಾವ. "ಗೊತ್ತಾಗುತ್ತೆ ಕಣೇ!"

"ಯಾವುದು ಯಾವುದು ಅಂತ ನೋಡ್ತಾ ಇದ್ದೀಯಲ್ಲ, ಅದಕ್ಕೆ ಗೊತ್ತಾಗುತ್ತೆ. ಕಣ್ಣು ಮುಚ್ಚಿ ಹೇಳು."

"ನೋಡಪ್ಪ, ಪರೀಕ್ಷೆ ಬೇರೆ."

"ಕೆಳಗೆ ಜನ ಓಡಾಡ್ತಾರೆ. ನಿನ್ನ ಮಾತೇ."

ಅಷ್ಟರಲ್ಲಿ ಮಿಸ್ ಕ್ರಾಬ್‌ಟ್ರೀ ಚಹಾ ಫ್ಲಾಸ್ಕ್ ಹಿಡಿದು ಹೊರಗೆ ಬಂದರು. ಕೊಳವೆಗಳನ್ನು ಒಂದೊಂದಾಗಿ ಅವನ ಕೈಗೆ ಕೊಡುವ ಕೆಲಸ ಅವರಿಗೇ ಒಪ್ಪಿಸಿದೆ. ನಾನು ಕೊಟ್ಟರೆ ನನ್ನ ಕೈಯ ಹಿಂಜರಿಕೆಯಿಂದಲೇ ಸತ್ತದ್ದು ಯಾವುದೆಂದು ಅವನಿಗೆ ತಿಳಿದುಬಿಡುತ್ತಿತ್ತು. ಮಾವ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತ. ಯಾವುದು ಯಾವುದೆಂದು ತಿಳಿಯದ ಅವರು ಕೊಳವೆಗಳನ್ನು ಹಿಂದುಮುಂದು ಮಾಡಿ ಕೊಡುತ್ತ ಹೋದರು, ಕೆಲವನ್ನು ಬೇಕೆಂದೇ ಎರಡೆರಡು ಸಲ. "ಬದುಕಿದೆ. ಬದುಕಿದೆ. ಸತ್ತಿದೆ. ಬದುಕಿದೆ. ಅದೇ ಸತ್ತದ್ದನ್ನ ಮತ್ತೆ ಕೊಟ್ಟೆಯಲ್ಲ, ಥೆಲ್ಮಾ."

ಒಂದೂ ತಪ್ಪಲಿಲ್ಲ.

"ಹೆಡ್ಲಿ ಗ್ರೀನ್‌ವುಡ್," ಅಂದರು ಮಿಸ್, "ಹಾಡೋರ ಸಾಲಿನಲ್ಲಿ ನಿನ್ನ ಕುರ್ಚಿ ಖಾಲಿ ಬಿದ್ದು ವರ್ಷ ಆಯ್ತು. ಇಲ್ಲಿ ಕಣ್ಣಾಮುಚ್ಚಾಲೆ ಆಡ್ತಿದ್ದೀಯಾ?"

ಮಾವ ಬಟ್ಟೆ ಬಿಚ್ಚಿದ. ಅವರ ತುಟಿಯನ್ನೇ ನೋಡುತ್ತಿದ್ದ. "ತಗ್ಗಿನ ಸ್ವರದ ಪೆಡಲ್ ಮೇಲೆ ನಿನ್ನ ಎಡಗಾಲು ಇನ್ನೂ ತಡವಾಗೇ ಬೀಳುತ್ತೆ, ಥೆಲ್ಮಾ."

"ಅದನ್ನ ಎಲ್ಲಿಂದ ಕೇಳಿಸ್ಕೊಂಡೆ?"

ಅವನು ಅಂಗೈ ತೋರಿಸಿದ. ಮಿಸ್ ಕೋಲನ್ನು ನೋಡಿದರು, ಕಿಟಕಿ ನೋಡಿದರು. ಚಹಾವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದರು.

"ಇನ್ನು ಮೇಲೆ ಇಬ್ಬರೂ ತಟ್ಟಬೇಕು," ಅಂದೆ. "ನನ್ನ ಕಿವಿ, ನಿನ್ನ ಕೈ. ಎರಡೂ ಒಪ್ಪಿದ್ರೆ ಮಾತ್ರ ಎತ್ತೋದು. ಸೋಮವಾರ ಕಿವಿ ಡಾಕ್ಟರ ಹತ್ರ ಹೋಗೋದು."

"ನೋಡೋಣ."

"ನೋಡೋಣ ಅಲ್ಲ."

"ಆಯ್ತು ಮಾರಾಯ್ತಿ. ನಿಮ್ಮ ಅಜ್ಜನಿಗಿಂತ ಕಷ್ಟ ನಿನ್ನ ಕೂಡೆ." ಪೆನ್ನಿಗೆ ಕೈ ಚಾಚಿದ. ಕೊಟ್ಟೆ.

ಉಳಿದದ್ದು ಗೋಡೆಯ ನೆತ್ತಿಯ ದುಂಡು ಕಿಟಕಿ. ಒಂದೊಂದೇ ಕ್ಲಾಂಪನ್ನು ಹೆಬ್ಬೆರಳಿನಿಂದ ಒತ್ತಿ, ಟಕ್ ಎನ್ನುವುದನ್ನು ಉಗುರಿನಲ್ಲಿ ಹಿಡಿದು, ಮಾವ ಕೋಲು ಎತ್ತಿದ. ನನ್ನ ಕೈಯಲ್ಲಿ ಒದ್ದಾಡುತ್ತಿದ್ದದ್ದು ಅವನ ಕೈಯಲ್ಲಿ ನೆಟ್ಟಗೆ ಆಕಾಶಕ್ಕೆ ಹೋಯಿತು. ಬ್ರಷ್ಷು ದುಂಡಗೆ ತಿರುಗಿತು, ಮಸಿ ಕಪ್ಪು ಗೆರೆಯಾಗಿ ಇಳಿಯಿತು, ಹಿಂದೆಯೇ ತಿಳಿನೀರು. ಒಳಗೆ ಆರ್ಗನ್ ಮತ್ತೆ ಶುರುವಾಯಿತು; ಈ ಸಲ ಮಿಸ್ ದೊಡ್ಡ ಕೊಳವೆಗಳನ್ನೆಲ್ಲ ತೆರೆದಿದ್ದರು, ಮೆಟ್ಟಿಲ ಕಲ್ಲೇ ನನ್ನ ಬೂಟಿನಡಿ ಗುಂಯ್‌ಗುಟ್ಟಿತು. ಮಾವ ಬ್ರಷ್ಷನ್ನು ಚೌಕಟ್ಟಿಗೆ ಒರಗಿಸಿ ಹಣೆಯಾನಿಸಿದ. ಅವನ ಗಂಟಲಿನಿಂದ ತಗ್ಗಿನ ದನಿಯೊಂದು ಹೊರಟಿತು. ಶ್ರುತಿ ಒಂದಿಷ್ಟೂ ಆಚೀಚೆ ಇರಲಿಲ್ಲ.

ಬೆಟ್ಟದ ಮೇಲಿಂದ ಬಿಸಿಲು ಬಂತು. ನೆತ್ತಿಯ ಗಾಜು ಒಣಗುತ್ತ ಒಣಗುತ್ತ ಇಲ್ಲವಾಯಿತು. ನಾನು ಅವನ ತೋಳು ಮುಟ್ಟಿ ಮೇಲೆ ತೋರಿಸಿದೆ. "ಆಯ್ತು ಮಾವ, ಶುಭ್ರ ಆಯ್ತು. ಇಳಿಸು."

ಅವನು ಕಣ್ಣು ತೆರೆಯದೆ ತಲೆಯಾಡಿಸಿದ.

"ಇನ್ನೊಂದು ಚರಣ ಇದೆ."